ಸಿಂಹಗಾಲಿನ ಕಟ್ಟು

“ಅಳತೆ ತಕ್ಕೋ, ಫೋಟೋ ತಕ್ಕೋ, ಬೇಕಾದ್ರೆ ಮೇಲೆ ಮಲಗಿ ನೋಡು. ಆ ಕಟ್ಟು ಮಾತ್ರ ಬಿಚ್ಚಬೇಡ,” ಎಂದಳು ಬಹೀಯಾ ಖಾಲಾ.

ರಾವ್ಯಾ ಆಗಲೇ ಮೊಣಕಾಲೂರಿ ಮಂಚದ ಕೆಳಗೆ ಟಾರ್ಚ್ ಬಿಟ್ಟಿದ್ದಳು. ಗುಡ್ಡಕ್ಕೆ ಬೆನ್ನು ಕೊಟ್ಟು ಕಟ್ಟಿದ ಮನೆ ಅದು. ಹಿಂದಿನ ಕೋಣೆಯನ್ನು ಗುಡ್ಡವನ್ನೇ ಕೊರೆದು ಮಾಡಿದ್ದರು. ಹಗಲಲ್ಲೂ ಅಲ್ಲಿ ಕತ್ತಲೆ. ಬಾವಲಿಯ ಹಿಕ್ಕೆ, ಹಳೆಯ ಹೊಟ್ಟು, ಒಣಗಿದ ಈರುಳ್ಳಿಯ ವಾಸನೆ. ಅದರಡಿಯಲ್ಲಿ ಇನ್ನೊಂದು ಸಣ್ಣ ವಾಸನೆಯಿತ್ತು, ಕಾಯಿಲೆಯವರು ಬೆವೆತು ಎದ್ದುಹೋದ ಹಾಸಿಗೆಯದು. ಆ ಮಂಚದ ಮೇಲೆ ಯಾರೂ ಮಲಗದೆ ಎಷ್ಟೋ ವರ್ಷಗಳಾಗಿದ್ದವು.

“ಕಟ್ಟು ಬಿಚ್ಚದೆ ಒಳಗಿನ ಕೀಲು ಹೇಗಿದೆ ಅಂತ ನೋಡೋದು ಹೇಗೆ ಖಾಲಾ? ಹೆದರ್ಬೇಡ. ಕಾಲು ಅಲ್ಲಾಡದ ಹಾಗೆ ನಾನೇ ಮತ್ತೆ ಬಿಗಿದು ಕೊಡ್ತೀನಿ.”

“ಕಾಲಿನ ಮಾತಲ್ಲ ಮಗಳೇ.”

“ಮತ್ತೆ ಯಾವುದರ ಮಾತು?”

ಖಾಲಾ ಸೆರಗನ್ನು ಬಾಯಿಗೊತ್ತಿಕೊಂಡು ಅಂಗಳದ ಕಡೆ ನೋಡಿದಳು. ಅಲ್ಲಿ ಅವಳ ಒಬ್ಬನೇ ಮಗ ತಯ್ಯಿಬ್ ಬಿಳಿಗಲ್ಲಿನ ಹೂಜಿ ಕಡೆಯುತ್ತ ಕೂತಿದ್ದ. ಆ ಸೀಮೆಯಲ್ಲಿ ಕೆಲವು ಕಾಯಿಲೆಗಳನ್ನು ಹೆಸರು ಹಿಡಿದು ಹೇಳುವುದಿಲ್ಲ. ಕರೆದರೆ ಓಗೊಟ್ಟು ಬಂದುಬಿಡುತ್ತವೆ ಎಂಬ ಭಯ. ಇದು ರಾವ್ಯಾಳಿಗೂ ಗೊತ್ತಿರಬೇಕಿತ್ತು, ಖಾಲಾಳ ಒಡಹುಟ್ಟಿದವಳಾದ ಅವಳ ತಾಯಿ ಹುಟ್ಟಿದ್ದೇ ಆ ಮನೆಯಲ್ಲಿ. ಆದರೆ ರಾವ್ಯಾ ಕೈರೋದಲ್ಲಿ ಬೆಳೆದವಳು, ದಿನಾ ಬಡಗಿಗಳ ಜೊತೆ ಗುದ್ದಾಡುವವಳು. ಅವಳ ಕಿವಿಗೆ ಕಟ್ಟು ಎಂದರೆ ಮರದ ಕೀಲನ್ನು ಬಿಗಿಯುವ ಕಟ್ಟು, ಅಷ್ಟೇ. ಖಾಲಾಳ ಬಾಯಲ್ಲಿದ್ದದ್ದು ಇನ್ನೊಂದು ಕಟ್ಟು. ಮಾತು ಒಂದೇ ಆಗಿದ್ದರಿಂದ ಇಬ್ಬರೂ ಅರ್ಥವಾಯಿತೆಂದುಕೊಂಡು ಸುಮ್ಮನಾದರು.

ರಾವ್ಯಾಳ ಕಸುಬು ಮನೆಗಳನ್ನು ಸಿಂಗರಿಸುವುದು. ಕೈರೋದ ಹೊಸ ಬಡಾವಣೆಗಳಲ್ಲಿ ಈಗ ಎಲ್ಲರಿಗೂ ಫರೋಹರ ಕಾಲದ ಸಾಮಾನು ಬೇಕು. ಸಿಂಹದ ಪಂಜದ ಕುರ್ಚಿ ಬೇಕು, ಬಾತುಕೋಳಿ ತಲೆಯ ಮಡಚುವ ಪೀಠ ಬೇಕು. ಹೆಣದ ತಲೆಯಡಿಯಲ್ಲಿಟ್ಟು ಹೂಳುತ್ತಿದ್ದ ಮರದ ದಿಂಬಿಗೆ ಬಲ್ಬು ಸಿಕ್ಕಿಸಿ ದೀಪ ಮಾಡಿಕೊಡಿ ಎನ್ನುತ್ತಾರೆ. ರಾಣಿಯ ಗೋರಿಯಲ್ಲಿ ಬಟ್ಟೆ ತುಂಬಿಟ್ಟಿದ್ದ ಪೆಟ್ಟಿಗೆಯ ನಕಲಿನ ಮೇಲೆ ಟಿ.ವಿ. ಇಟ್ಟು ಫುಟ್‌ಬಾಲ್ ನೋಡುತ್ತಾರೆ. ಸತ್ತವರು ಪರಲೋಕದಲ್ಲಿ ಕೂರಲೆಂದು ಮಾಡಿಸಿಕೊಂಡ ಕುರ್ಚಿಯಲ್ಲಿ ಬದುಕಿರುವವರು ಕೂತು ಚಹಾ ಕುಡಿದರೆ ತಪ್ಪೇನಿಲ್ಲ ಬಿಡಿ, ಕುರ್ಚಿ ಇರುವುದೇ ಕೂರುವುದಕ್ಕೆ. ಆದರೆ ರಾವ್ಯಾಳ ಹೆಸರು ಓಡುತ್ತಿದ್ದುದು ಬೇರೆ ಕಾರಣಕ್ಕೆ. ಅವಳು ಮಾಡಿಸಿದ ನಕಲಿನಲ್ಲಿ ಕಣ್ಣಿಗೆ ಕಾಣದ ಭಾಗವೂ ಅಸಲಿನ ಹಾಗೇ ಇರುತ್ತಿತ್ತು. ಮೊಳೆ ಹೊಡೆಯುವವರನ್ನು ಅವಳು ಬಡಗಿಗಳೆಂದೇ ಒಪ್ಪುತ್ತಿರಲಿಲ್ಲ.

ಇಂಥ ಮಂಚವನ್ನು ಅವಳು ಅಲ್ಲಿಯವರೆಗೆ ಮ್ಯೂಸಿಯಂನ ಗಾಜಿನಾಚೆಗೆ ಮಾತ್ರ ಕಂಡಿದ್ದಳು. ತಲೆಯ ಕಡೆ ಎತ್ತರ, ಕಾಲ ಕಡೆಗೆ ಇಳಿಜಾರು. ಅಡ್ಡ ಹಲಗೆ ಇದ್ದದ್ದು ತಲೆದೆಸೆಯಲ್ಲಲ್ಲ, ಕಾಲದೆಸೆಯಲ್ಲಿ. ನಾಲ್ಕು ಕಾಲೂ ಸಿಂಹದವು, ನಾಲ್ಕೂ ಒಂದೇ ದಿಕ್ಕಿಗೆ ಹೆಜ್ಜೆಯಿಟ್ಟು ನಿಂತಿದ್ದವು. ಖಾಲಾಳ ಅಜ್ಜ ಗುಡ್ಡ ಅಗೆದಾಗ ಸಿಕ್ಕಿದ್ದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಮೂರು ಕಾಲುಗಳ ಹಳೆಯ ಕಟ್ಟು ಸವೆದುಹೋಗಿ ನೀಲಿ ನೈಲಾನ್ ಹಗ್ಗ ಸುತ್ತಿದ್ದರು. ತಲೆಯ ಕಡೆಯ ಒಂದು ಕಾಲಿಗೆ ಮಾತ್ರ ಕಪ್ಪುಗಟ್ಟಿದ ತೊಗಲಿನ ಬಾರು ಹಾಗೇ ಉಳಿದಿತ್ತು.

ತಯ್ಯಿಬ್ ಮೈತುಂಬ ಕಲ್ಲಿನ ಪುಡಿ ಮೆತ್ತಿಕೊಂಡು ಬಾಗಿಲಲ್ಲಿ ಬಂದು ನಿಂತ.

“ಏನ್ರೀ ಇಂಜಿನಿಯರಮ್ಮಾ, ಇದನ್ನ ನಕಲು ಮಾಡಿಸ್ತೀರಂತೆ? ಇದರ ಮೇಲೆ ಮಲಗಿದ್ರೆ ಬೆಳಗಾಗೋ ಹೊತ್ತಿಗೆ ಜಾರಿ ಕಾಲದೆಸೆಗೆ ಬಂದಿರ್ತೀರ. ನಿಮ್ಮೂರಲ್ಲಿ ಇಂಥದ್ರಲ್ಲಿ ಮಲಗ್ತಾರಾ?”

“ಮಲಗ್ತಾರೆ. ಮಲಗಿ ಫೋಟೋನೂ ಹಾಕ್ತಾರೆ.”

“ಹಾಗಾದ್ರೆ ನಮ್ಮ ಕತ್ತೆಗಾಡೀನೂ ಅಳತೆ ತಕ್ಕೊಂಡು ಹೋಗು. ಮುಂದಿನ ವರ್ಷ ಅದೂ ಸ್ಟೈಲ್ ಆಗತ್ತೆ.”

ಅವನು ನಕ್ಕರೆ ಎದುರಿಗಿದ್ದವರೂ ನಗಲೇಬೇಕು, ಅಂಥ ನಗು. ಖಾಲಾ ಒಬ್ಬಳೇ ನಗಲಿಲ್ಲ.

ಶುಕ್ರವಾರದ ಮಧ್ಯಾಹ್ನ. ತಯ್ಯಿಬ್ ನಮಾಜಿಗೆ ಹೋದ. ಖಾಲಾ ರೊಟ್ಟಿಯ ಹಿಟ್ಟನ್ನು ಬಿಸಿಲಿಗಿಡಲು ಮಾಳಿಗೆ ಹತ್ತಿದಳು. ರಾವ್ಯಾ ಕೋಣೆಯಲ್ಲಿ ಒಬ್ಬಳೇ ಉಳಿದಳು. ಬಾರಿನ ಗಂಟು ಕಲ್ಲಾಗಿತ್ತು. ಉಗುರು ಸೋತಾಗ ಹೇರ್‌ಪಿನ್ ತೂರಿಸಿ ಮೀಟಿದಳು. ಗಂಟು ಸಡಿಲವಾಯಿತು. ಒಳಗೆ, ತೊಗಲಿನ ಮಡಿಕೆಯಲ್ಲಿ, ಒಂದು ಚಿಟಿಕೆ ಕೂದಲು. ಕೂಸಿನ ಕೂದಲು, ಹತ್ತಿಯಷ್ಟು ಮೆತ್ತಗೆ. ಧೂಳೆಂದುಕೊಂಡು ಅವಳು ಅದನ್ನು ಉಫ್ ಎಂದು ಊದಿಬಿಟ್ಟಳು.

ಮಂಚ ಟಕ್ ಎಂದಿತು. ಚಳಿ ಹತ್ತಿದವರ ಹಲ್ಲು ಒಂದಕ್ಕೊಂದು ತಾಗುವ ಸದ್ದು. ಆ ಬೆವರಿನ ವಾಸನೆ ಥಟ್ಟನೆ ಮೂಗಿಗೇ ಬಂತು, ಈಗಷ್ಟೇ ಯಾರೋ ಅಲ್ಲಿಂದ ಎದ್ದ ಹಾಗೆ. ಒಣಮರ, ಕಟ್ಟು ಸಡಿಲವಾದರೆ ಸದ್ದು ಮಾಡುತ್ತದೆ ಎಂದುಕೊಂಡಳು ರಾವ್ಯಾ. ಟಾರ್ಚ್ ಹಿಡಿದು ಕೀಲು ನೋಡಿದಳು, ಚಿತ್ರ ಬರೆದುಕೊಂಡಳು. ಎಷ್ಟು ಚೆಂದದ ಕೀಲು! ಆಮೇಲೆ ಚೀಲದಿಂದ ಹೊಸ ತೊಗಲಿನ ತುಂಡೊಂದನ್ನು ತೆಗೆದು ಕಾಲಿಗೆ ಬಿಗಿದು, ಹಳೆಯ ಬಾರನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಬಣ್ಣ, ದಪ್ಪ ಹೊಂದಿಸಲು ಬೇಕಿತ್ತು. ಕೇಳಿದರೆ ಖಾಲಾ ಕೊಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.

ಸಂಜೆ ಕೈರೋಗೆ ಹೊರಟವಳನ್ನು ಹೊಳೆ ದಾಟಿಸಲು ತಯ್ಯಿಬ್ ಜೊತೆಗೆ ಬಂದ. ದೋಣಿಯಲ್ಲಿ ಕೂತವನು ಕೊರಳ ವಸ್ತ್ರವನ್ನು ಎಳೆದು ಕಿವಿ ಮುಚ್ಚಿಕೊಂಡ.

“ಚಳಿ ಕಣೇ.”

“ಈ ಸೆಕೇಲಾ?”

“ನಿಮ್ಮ ಕೈರೋ ಗಾಳಿ ತಾಗಿತು ಅಂತ ಕಾಣತ್ತೆ,” ಎಂದು ನಕ್ಕ. ಅವನ ಹಲ್ಲುಗಳು ಕಟಕಟ ಎನ್ನುತ್ತಿದ್ದವು.

ನಕಲಿನ ಮಂಚ ಸೊಗಸಾಗಿ ಬಂತು. ಮರಗೆಲಸಕ್ಕೆ ಹೆಸರಾದ ದುಮ್ಯಾತ್ ಊರಿನ ಬಡಗಿಗಳು ಒಂದು ಮೊಳೆಯನ್ನೂ ಮುಟ್ಟದೆ ಕಟ್ಟಿದ್ದರು. ಮೊದಲನೆಯದು ಮಗಳು ಜುಮಾನಾಗೆಂದು ರಾವ್ಯಾ ಮೊದಲೇ ಹೇಳಿದ್ದಳು. ಗಂಡ ಕುವೈತಿನಲ್ಲಿ, ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಚಳಿಗಾಲದಿಂದಲೂ ಹುಡುಗಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ಡಾಕ್ಟರು ಔಷಧಿ ಬದಲಿಸುತ್ತಲೇ ಇದ್ದರು, ಹುಡುಗಿ ಸೊರಗುತ್ತಲೇ ಇದ್ದಳು. ಹೊಸ ಮಂಚ ನೋಡಿಯಾದರೂ ಮುಖ ಅರಳಲಿ ಎಂಬ ಆಸೆ ತಾಯಿಗೆ.

ಮಂಚ ಹಾಕಿದ ದಿನವೂ ಜುಮಾನಾ ಜ್ವರದಲ್ಲೇ ಮಲಗಿದ್ದಳು. ರಾವ್ಯಾಳಿಗೆ ಹಳೆಯ ಬಾರಿನ ನೆನಪಾಯಿತು. ಒಂದು ಕಾಲಿಗೆ ಅಸಲೀ ತೊಗಲೇ ಇರಲಿ ಎಂದು ಶೋಕಿ ಹತ್ತಿತು. ತಲೆಯ ಕಡೆಯ ಕಾಲಿಗೆ ಸುತ್ತಿ ಗಂಟು ಹಾಕುವಾಗ ಮಗಳ ಜಡೆಯ ತುದಿ ಸಿಕ್ಕಿಕೊಂಡಿತು.

“ಅಮ್ಮಾ, ಕೂದಲು! ನೋಯತ್ತೆ!”

“ಆಯ್ತು ಆಯ್ತು, ಅಲ್ಲಾಡಬೇಡ.”

ನಾಲ್ಕು ಎಳೆ ಕಿತ್ತು ಗಂಟಿನೊಳಗೇ ಉಳಿದವು. ಬಾರಿನ ಮೇಲೆ ಇನ್ನೂ ಗುಡ್ಡದ ಧೂಳಿತ್ತು. ಅವಳು ಅದನ್ನು ಉಫ್ ಎಂದು ಊದಿ, ಬಿಗಿಯಾಗಿ ಎಳೆದಳು. ದೀಪ ಹಚ್ಚುವ ಹೊತ್ತಿಗೆ ಹುಡುಗಿ ಎದ್ದು ಕೂತು ಹಸಿವು ಎಂದಳು. ಅನ್ನ ಉಂಡಳು, ಇನ್ನಷ್ಟು ಹಾಕು ಎಂದಳು. ಜ್ವರ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಕೊನೆಗೂ ಔಷಧಿ ಹಿಡಿಯಿತು ಎಂದು ರಾವ್ಯಾ ಡಾಕ್ಟರಿಗೆ ಸಿಹಿ ಕಳಿಸಿದಳು.

ಖಾಲಾಳ ಫೋನು ಬಂದದ್ದು ಆಮೇಲೆ.

“ಮಗಳೇ, ಮಂಚದ ಕಾಲಲ್ಲಿ ಹೊಸ ತೊಗಲಿದೆ. ಹಳೇದು ನಿನ್ಹತ್ರ ಇದೆಯಾ?”

“ಇಲ್ವಲ್ಲ ಖಾಲಾ. ಅಲ್ಲೇ ಎಲ್ಲೋ ಬಿದ್ದಿರಬೇಕು, ನೋಡು.” ಹೇಳದೆ ತಂದ ನಾಚಿಕೆಗೆ ಆಡಿದ ಸುಳ್ಳು ಅದು. ದೊಡ್ಡದೇನಲ್ಲ ಅನ್ನಿಸಿತು.

“ನೋಡಿದೆ. ಜರಡಿ ಹಿಡಿದು ನೋಡಿದೆ.” ಖಾಲಾ ದನಿ ತಗ್ಗಿಸಿದಳು. “ತಯ್ಯಿಬ್‌ಗೆ ಆರಾಮಿಲ್ಲ.”

ಆರಾಮಿಲ್ಲ ಎಂದರೆ ಎಷ್ಟು ಎಂಬುದು ಅವನನ್ನು ಕೈರೋಗೆ ಕರೆತಂದಾಗ ಗೊತ್ತಾಯಿತು. ರಾವ್ಯಾಳೇ ಒತ್ತಾಯ ಮಾಡಿ ಕರೆಸಿ, ಒಳ್ಳೆಯ ಆಸ್ಪತ್ರೆಗೆ ಸೇರಿಸಿದಳು. ಸ್ಟ್ರೆಚರಿನ ಮೇಲಿದ್ದವನ ಗುರುತು ಸಿಗಲಿಲ್ಲ. ಕಲ್ಲು ಎತ್ತಿ ಇಳಿಸುತ್ತಿದ್ದ ತೋಳುಗಳು ಒಣಕಡ್ಡಿಯಾಗಿದ್ದವು. ಯಾವ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. “ಇದು ಹಸುಗೂಸುಗಳಿಗೆ ಬರೋ ಥರದ ಜ್ವರ,” ಎಂದರು ಡಾಕ್ಟರು, ತಮಗೇ ನಂಬಿಕೆಯಿಲ್ಲದವರಂತೆ. “ಬೆಳೆದ ಗಂಡಸಿಗೆ ಹೀಗೆ ಬಂದದ್ದನ್ನ ನಾನು ನೋಡಿಲ್ಲ.”

ಖಾಲಾ ರಾವ್ಯಾಳ ಮನೆಯಲ್ಲೇ ಉಳಿದಳು. ಹೊಸ್ತಿಲು ದಾಟಿದವಳೇ ನಿಂತು ಗಾಳಿ ಮೂಸಿದಳು.

“ಎಂಥದೋ ವಾಸನೆ.”

“ವಾರ್ನಿಷ್ ಖಾಲಾ. ಹೊಸ ಸಾಮಾನು.” ಜುಮಾನಾಳ ಕೋಣೆಯ ಬಾಗಿಲನ್ನು ರಾವ್ಯಾ ಎಳೆದುಕೊಂಡಳು. “ಪರೀಕ್ಷೆ ಹತ್ರ ಬಂತು, ಓದ್ಕೊಳ್ತಿದ್ದಾಳೆ.”

ಮಾರನೆಯ ದಿನ ಖಾಲಾಳನ್ನು ಮನೆಯಲ್ಲಿ ಬಿಟ್ಟು ರಾವ್ಯಾ ಒಬ್ಬಳೇ ಆಸ್ಪತ್ರೆಗೆ ಹೋದಾಗ ತಯ್ಯಿಬ್‌ಗೆ ಎಚ್ಚರವಿತ್ತು. ಹತ್ತಿರ ಬಾ ಎಂದು ಕಣ್ಣಲ್ಲೇ ಕರೆದ. ಅವನ ಮೈಯ ಕಾವು ಕುರ್ಚಿಯವರೆಗೂ ಬಡಿಯುತ್ತಿತ್ತು.

“ನಾನು ಕೂಸಿದ್ದಾಗ ಸಾಯೋ ಹಾಗಿದ್ದೆನಂತೆ,” ಎಂದ, ಉಸಿರು ಹಿಡಿದು ಹಿಡಿದು. “ಅಜ್ಜಿ ನನ್ನ ಕೂದಲು ಕಿತ್ತು ಆ ತೊಗಲಲ್ಲಿಟ್ಟು, ಊದಿ, ಮಂಚದ ಕಾಲಿಗೆ ಕಟ್ಟಿದ್ಲಂತೆ. ಬಂದಿದ್ದು ಅಲ್ಲೇ ಉಳೀತು, ನಾನು ಎದ್ದು ಬಂದೆ. ಅಮ್ಮ ಹಾಗಂತಾಳೆ.”

“ನೀನು ನಂಬ್ತೀಯಾ?”

“ಗಟ್ಟಿಮುಟ್ಟಾಗಿದ್ದಾಗ ನಂಬ್ತಿರಲಿಲ್ಲ.” ನಗಲು ನೋಡಿದ, ಕೆಮ್ಮು ಬಂತು. “ನಿನ್ಹತ್ರ ಇದ್ರೆ ಕೊಟ್ಬಿಡೇ ಇಂಜಿನಿಯರಮ್ಮಾ. ಯಾರೂ ಬೈಯಲ್ಲ. ನನ್ನ ಮಕ್ಕಳು ಇನ್ನೂ ಸಣ್ಣವು.”

“ಇದ್ರೆ ಕೊಡ್ತಿರಲಿಲ್ವಾ?” ಎಂದಳು ರಾವ್ಯಾ.

ಆ ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ಗಾಬರಿಯಾಯಿತು. ಎದ್ದು ಹೊರಗೆ ಬಂದಳು. ಗಂಟಿನೊಳಗೆ ಸಿಕ್ಕಿದ ಮಗಳ ಕೂದಲು ಕಣ್ಮುಂದೆ ಬಂತು. ಊದಿದ್ದು ನೆನಪಾಯಿತು, ಎರಡು ಸಲ ಊದಿದ್ದು. ಒಂದು ಸಲ ಬಿಚ್ಚುವಾಗ, ಒಂದು ಸಲ ಕಟ್ಟುವಾಗ. ಚಿಕ್ಕವಳಿದ್ದಾಗ ಅಮ್ಮ ಮಲಗಿಸುತ್ತ ಹೇಳಿಕೊಡುತ್ತಿದ್ದ ಪ್ರಾರ್ಥನೆಯಲ್ಲಿ ಗಂಟುಗಳಿಗೆ ಊದಿ ಮಾಟ ಮಾಡುವವರಿಂದ ಕಾಪಾಡು ಎಂದಿತ್ತು. ಆ ಊದುವವರು ಯಾರೋ ಕೆದರುಗೂದಲಿನ ಮುದುಕಿಯರೆಂದು ಅವಳು ಇಷ್ಟು ದಿನ ತಿಳಿದಿದ್ದಳು.

ಸಂಜೆ ಅಡುಗೆಮನೆಯಲ್ಲಿ ಖಾಲಾ ಸೊಪ್ಪು ಬಿಡಿಸುತ್ತಿದ್ದಳು. ರಾವ್ಯಾ ಬೇರೆ ಯಾವುದೋ ಮಾತಿನ ನಡುವೆ ಎಂಬಂತೆ ಕೇಳಿದಳು.

“ಬೇರೆ ತೊಗಲಿಗೆ ಕಟ್ಟಕ್ಕಾಗಲ್ವಾ ಖಾಲಾ?”

“ಅಜ್ಜಿ ಇದ್ದಿದ್ರೆ ಕೇಳಬಹುದಿತ್ತು. ಉಳಿದಿದ್ದು ಅದೊಂದೇ ತೊಗಲು, ಮಂಚದ ಜೊತೆ ಗುಡ್ಡದಿಂದ ಬಂದಿದ್ದು. ಅದು ಒಬ್ಬರದ್ದನ್ನ ಮಾತ್ರ ಹಿಡಿಯತ್ತೆ.”

“ಒಬ್ಬರದ್ದನ್ನ ಬಿಚ್ಚಿ ಇನ್ನೊಬ್ಬರಿಗೆ ಕಟ್ಟಿದ್ರೆ?”

ಖಾಲಾಳ ಕೈ ಒಂದು ಗಳಿಗೆ ನಿಂತಿತು. “ಯಾರದ್ದನ್ನ ಬಿಚ್ಚಿದ್ರೋ ಅವರದ್ದು ಬಿಚ್ಚಿಕೊಂಡ ಹಾಗೇ. ಮನೆ ಹುಡುಕಿಕೊಂಡು ಬರತ್ತೆ.” ಮತ್ತೆ ಸೊಪ್ಪು ಬಿಡಿಸತೊಡಗಿದಳು. “ಸಿಕ್ತಾ ಮಗಳೇ? ನಿನ್ನ ಚೀಲ ಗೀಲ ಎಲ್ಲ ನೋಡಿದೆಯಾ?”

“ಇಲ್ಲ ಖಾಲಾ. ಸಿಕ್ಕಿಲ್ಲ.”

ಅಲ್ಲಿಂದ ಮುಂದೆ ಪ್ರತಿ ಸಂಜೆಯೂ ಅದೇ ಪ್ರಶ್ನೆ, ಅದೇ ಉತ್ತರ. ಇದೆಲ್ಲ ಮೂಢನಂಬಿಕೆ ಎಂದು ರಾವ್ಯಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆದರೆ ಸುಳ್ಳೇ ಆಗಿದ್ದರೆ ಬಿಚ್ಚಿ ಕೊಡಲು ಅಡ್ಡಿಯೇನು? ಒಂದು ತುಂಡು ತೊಗಲು ತಾನೇ, ಮುದುಕಿಯ ಸಮಾಧಾನಕ್ಕೆ ಕೊಟ್ಟರಾಯಿತು. ಕೊಡಲು ಕೈ ಏಳುತ್ತಿರಲಿಲ್ಲ. ಅಂದ ಮೇಲೆ ಅವಳು ನಂಬುತ್ತಿದ್ದಳು. ನಂಬಿಯೂ ಕೊಡದೆ ಇಟ್ಟುಕೊಂಡರೆ ಅದನ್ನು ಏನೆಂದು ಕರೆಯಬೇಕು? ಆ ಶಬ್ದ ಅವಳಿಗೆ ಗೊತ್ತಿತ್ತು, ಅದರ ಹತ್ತಿರ ಮಾತ್ರ ಸುಳಿಯುತ್ತಿರಲಿಲ್ಲ.

ಜುಮಾನಾ ದಿನದಿಂದ ದಿನಕ್ಕೆ ತುಂಬಿಕೊಂಡಳು. ಕೆನ್ನೆಗೆ ಬಣ್ಣ ಬಂತು, ಮೆಟ್ಟಿಲಲ್ಲಿ ಕುಣಿದುಕೊಂಡು ಇಳಿಯತೊಡಗಿದಳು. ಒಂದು ಬೆಳಗ್ಗೆ ಮಾತ್ರ ಏನೋ ಹೇಳಿದಳು.

“ಅಮ್ಮಾ, ನನ್ನ ಮಂಚ ರಾತ್ರಿ ನಡೀತಿತ್ತು.”

“ಕನಸು ಪುಟ್ಟಿ.”

“ಹೂಂ. ಒಬ್ಬರು ಮಾಮ ಹಿಂದೆ ಓಡಿ ಬರ್ತಿದ್ರು. ನಿಲ್ಲಿಸಿ, ನಿಲ್ಲಿಸಿ ಅಂತಿದ್ರು. ಮಂಚ ನಿಲ್ಲಲೇ ಇಲ್ಲ.”

ರಾವ್ಯಾ ಮಗಳ ಜಡೆ ಹೆಣೆಯುತ್ತಿದ್ದಳು. ಹೆಣಿಗೆ ತಪ್ಪಿ ಎಳೆಗ‍ಳು ಜಾರಿದವು.

ಖಮಾಸೀನ್ ಮರಳುಗಾಳಿ ಎದ್ದ ದಿನ ಅದು. ಮಧ್ಯಾಹ್ನಕ್ಕೇ ಊರು ಕತ್ತಲಾಯಿತು. ಆಕಾಶ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತು, ಕಿಟಕಿಯ ಸಂದಿನಲ್ಲಿ ಮರಳು ಸಿಳ್ಳೆ ಹಾಕಿತು. ಕರೆಂಟು ಹೋಯಿತು. ಶಾಲೆ ಬೇಗ ಬಿಟ್ಟಿದ್ದರಿಂದ ಜುಮಾನಾ ಬಂದು ಮಂಚದಲ್ಲಿ ನಿದ್ದೆ ಹೋಗಿದ್ದಳು. ಆಸ್ಪತ್ರೆಯಿಂದ ಖಾಲಾ ಯಾರದೋ ಫೋನಿನಲ್ಲಿ ಮಾತಾಡಿದಳು.

“ಮಗಳೇ, ಇನ್ನು ತಮ್ಮ ಕೈಲಿ ಆಗಲ್ಲ ಅಂತಿದ್ದಾರೆ ಡಾಕ್ಟರು. ಸಿಕ್ತಾ?”

ರಾವ್ಯಾ ಫೋನಿಟ್ಟಳು. ಇನ್ನು ತಡೆಯಲಾಗಲಿಲ್ಲ. ತಯ್ಯಿಬ್‌ನ ಸಣ್ಣ ಮಕ್ಕಳು ನೆನಪಾದರು, ದೋಣಿಯಲ್ಲಿ ಕಿವಿ ಮುಚ್ಚಿಕೊಂಡು ಕೂತವನು ನೆನಪಾದ. ತಾನು ಮಾಡಿದ್ದನ್ನು ತಾನೇ ಸರಿಮಾಡಬೇಕು. ಮಗಳಿಗೆ ಡಾಕ್ಟರಿದ್ದಾರೆ, ಔಷಧಿಯಿದೆ, ಹೇಗೋ ಆಗುತ್ತದೆ. ಹಾಗಂದುಕೊಂಡು ಕೋಣೆಗೆ ನುಗ್ಗಿ ಮಂಚದ ತಲೆದೆಸೆಯಲ್ಲಿ ಮೊಣಕಾಲೂರಿದಳು.

ಬಾರು ಬೆಚ್ಚಗಿತ್ತು.

ತೊಗಲು ಬೆಚ್ಚಗಿರಬಾರದು. ಇದು ಬೆಚ್ಚಗಿತ್ತು, ಒದ್ದೆಯಾಗಿತ್ತು, ಬೆರಳಿಗೆ ನಾಡಿ ಬಡಿದಂತಾಯಿತು. ಉಗುರು ತೂರಿಸಿದಳು. ಗಂಟು ಒಂದು ಸುತ್ತು ಸಡಿಲವಾಯಿತು.

ಟಕ್.

ವಾಸನೆ ಬಂತು. ಬೆವರು, ಬಾವಲಿ, ಹಳೆಯ ಹೊಟ್ಟು. ಗುಡ್ಡದ ಕೋಣೆಯೇ ಒಳಗೆ ಬಂದು ನಿಂತಂತೆ. ಟಕ್ ಟಕ್. ಕೀಲುಗಳು ಕಟಕಟಿಸತೊಡಗಿದವು. ಸಿಂಹದ ಕಾಲುಗಳು ನೆಲದ ಮೇಲೆ ಕೆರೆದವು. ಒಂದು ಹೆಜ್ಜೆ. ಇನ್ನೊಂದು. ಜುಮಾನಾಳ ಮೈ ಬಿಲ್ಲಾಗಿ ಸೆಟೆಯಿತು. ಕೆನ್ನೆಯ ಬಣ್ಣ ಇಳಿಯಿತು. ಹಣೆ ಸುಡುತ್ತಿತ್ತು. ಕಣ್ಣು ಮುಚ್ಚಿಯೇ ಇತ್ತು. ತುಟಿ ಬಿಚ್ಚಿತು.

“ಕೊಟ್ಬಿಡೇ, ಇಂಜಿನಿಯರಮ್ಮಾ.”

ಗಂಡಸಿನ ದನಿ. ಸೋತ ದನಿ. ಮಗಳ ಪುಟ್ಟ ಬಾಯಿಂದ.

ರಾವ್ಯಾ ಕಿರುಚಲಿಲ್ಲ, ಕಿರುಚಲು ಉಸಿರಿರಲಿಲ್ಲ. ಇನ್ನೊಂದು ಸುತ್ತು ಬಿಚ್ಚಬೇಕು. ಒಂದೇ ಸುತ್ತು. ಹುಡುಗಿಯ ಕಣ್ಣುಗುಡ್ಡೆ ಮೇಲಕ್ಕೆ ಸರಿಯಿತು. ಬಾಯಿಯ ಅಂಚಿನಲ್ಲಿ ನೊರೆ. ಉಸಿರು ನಿಂತಿತು. ಬರಲಿಲ್ಲ. ಬರಲಿಲ್ಲ. ಎದೆ ಏಳುತ್ತಿಲ್ಲ.

“ಬೇಡ,” ಎಂದಳು ರಾವ್ಯಾ. “ಬೇಡ, ಬೇಡ, ಬೇಡ.”

ಬಾರನ್ನು ಎಳೆದಳು. ಹಲ್ಲಿನಲ್ಲಿ ಕಚ್ಚಿ ಎಳೆದಳು. ತೊಗಲು ಉಪ್ಪುಪ್ಪಾಗಿತ್ತು. ಒಂದು ಗಂಟು. ಅದರ ಮೇಲೆ ಇನ್ನೊಂದು. ಈ ಸಲ ಧೂಳಿರಲಿಲ್ಲ. ಈ ಸಲ ಅವಳಿಗೆ ತಿಳಿದಿತ್ತು. ತಿಳಿದೇ, ಕಣ್ಣು ಬಿಟ್ಟುಕೊಂಡೇ, ಗಂಟಿನ ಮೇಲೆ ಬಾಗಿ ಊದಿದಳು.

ಎಲ್ಲ ನಿಂತಿತು. ಮಂಚ ನಿಂತಿತು. ಜುಮಾನಾ ದೊಡ್ಡದೊಂದು ಉಸಿರೆಳೆದು ಮಗ್ಗುಲು ಬದಲಿಸಿ ಮಲಗಿದಳು. ಫೋನು ಹೊಡೆದುಕೊಂಡಿತು. ರಾವ್ಯಾ ಕಿವಿಗಿಟ್ಟುಕೊಂಡಳು. ಮೊದಲು ಒಂದು ಹೆಂಗಸು, ಆಮೇಲೆ ಹಲವರು ಗೋಳಾಡುವುದು ಕೇಳಿಸಿತು. ಅವಳು ಅದನ್ನು ಕೊನೆಯವರೆಗೂ ಕೇಳಿದಳು. ಇಡಲು ಧೈರ್ಯ ಬರಲಿಲ್ಲ.

ಹೆಣವನ್ನು ಊರಿಗೆ ಒಯ್ಯುವ ವ್ಯಾನು ಕೆಳಗೆ ಬಂದು ನಿಂತಾಗ ಖಾಲಾ ತನ್ನ ಬಟ್ಟೆಗಂಟು ತೆಗೆದುಕೊಳ್ಳಲು ಮೇಲೆ ಬಂದಳು. ಗಾಳಿ ನಿಂತಿತ್ತು. ಮನೆಯಲ್ಲೆಲ್ಲ ಮರಳಿನ ತೆಳು ಪದರ. ಜುಮಾನಾ ನೀರಿನ ಲೋಟ ತಂದುಕೊಟ್ಟಳು. ಖಾಲಾ ನೀರು ಕುಡಿದು, ಹುಡುಗಿಯನ್ನು ಹತ್ತಿರ ಎಳೆದುಕೊಂಡು ಹಣೆ ಮುಟ್ಟಿ ನೋಡಿದಳು.

“ತಣ್ಣಗಿದೆ. ಹೋಗು ಕಂದಾ, ಆಡ್ಕೋ.”

ಹುಡುಗಿ ಹೋದ ಮೇಲೆ ರಾವ್ಯಾ ಖಾಲಾಳ ಕಾಲಬಳಿ ಕುಸಿದಳು.

“ಬೈಯಿ ಖಾಲಾ. ಶಾಪ ಹಾಕು. ಏನಾದ್ರೂ ಅನ್ನು.”

“ಏನಂತ ಅನ್ನಲಿ?” ಖಾಲಾಳ ದನಿ ಅತ್ತು ಅತ್ತು ಬಿದ್ದುಹೋಗಿತ್ತು. “ಬಂದ ಮಾರನೇ ದಿನಾನೇ ನಾನು ಆ ಕೋಣೆಗೆ ಹೋಗಿದ್ದೆ. ನೀನು ಆಸ್ಪತ್ರೇಲಿದ್ದೆ.”

ರಾವ್ಯಾ ತಲೆಯೆತ್ತಿದಳು.

“ಗಂಟಿನ ಮೇಲೆ ಕೈ ಇಟ್ಟೆ. ನನ್ನ ಮನೆ ತೊಗಲು, ಗುರುತು ಸಿಗಲ್ವಾ? ಕೂಸು ಮಲಗಿತ್ತು. ಗಂಟಿನಲ್ಲಿ ಕೂದಲು ಕಂಡಿತು. ಅಲ್ಲಿ ನಿನ್ನ ಮಗ ಉರೀತಿದ್ದಾನೆ, ಬಿಚ್ಚೇ, ಬಿಚ್ಚೇ ಅಂತ ನನಗೆ ನಾನೇ ಹೇಳ್ಕೊಂಡೆ. ಎಷ್ಟೋ ಹೊತ್ತು ಅಲ್ಲೇ ಕೂತಿದ್ದೆ. ಕೈ ಬರಲಿಲ್ಲ ಕಣೇ.”

“ಗೊತ್ತಿತ್ತಾ? ಗೊತ್ತಿದ್ದೂ ದಿನಾ ಸಂಜೆ ಕೇಳ್ತಿದ್ದೆಯಾ?”

“ನೀನಾಗಿ ತಂದುಕೊಡ್ತೀಯೇನೋ ಅಂತ ಕೇಳ್ತಿದ್ದೆ. ಕೊಟ್ಬಿಟ್ರೆ ಏನು ಗತಿ ಅಂತ ಹೆದರಿಕೆನೂ ಆಗ್ತಿತ್ತು.” ಖಾಲಾ ಬಟ್ಟೆಗಂಟನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು. “ಕೊಡದೇ ಇದ್ದಿದ್ದಕ್ಕೆ ನಾನೇನೂ ಅನ್ನಲ್ಲ. ತಾಯಿ ನೀನು. ಸಿಕ್ಕಿಲ್ಲ ಅಂತ ದಿನಾ ಹೇಳಿದೆಯಲ್ಲ, ಅದೊಂದು ಹೇಳಬಾರದಿತ್ತು. ಇದೆ ಖಾಲಾ, ಕೊಡೋಕಾಗಲ್ಲ ಅಂದಿದ್ರೆ ಇಬ್ರೂ ಕೂತು ಅಳ್ತಿದ್ವಿ. ನನ್ನ ಮಗ ಸಾಯೋ ತನಕ ನಾನೊಬ್ಬಳೇ ಅತ್ತೆ.”

ಅವಳು ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದಳು. ಲಿಫ್ಟ್ ಇತ್ತು, ಹತ್ತಲಿಲ್ಲ. ಚಪ್ಪಲಿಯ ಸದ್ದು ಒಂದೊಂದೇ ಮಹಡಿ ಕೆಳಗಿಳಿಯಿತು. ರಾವ್ಯಾ ಬಾಗಿಲಲ್ಲೇ ನಿಂತಿದ್ದಳು. ಕೆಳಗೆ ವ್ಯಾನಿನ ಬಾಗಿಲು ಹಾಕಿದ ಸದ್ದು ಕೇಳಿದ ಮೇಲೆ ಅವಳ ಬಾಯಿ ತೆರೆಯಿತು.

“ಇದೆ ಖಾಲಾ,” ಎಂದಳು ಖಾಲಿ ಮೆಟ್ಟಿಲುಗಳಿಗೆ. “ನನ್ಹತ್ರಾನೇ ಇದೆ.”